ಇಸ್ತ್ರಿ ಮೇಜಿನ ಸುಟ್ಟ ಕಲೆ

ನಮ್ಮ ಇಸ್ತ್ರಿ ಅಂಗಡಿಯಲ್ಲಿ ಅವಳಿಗೆ ಗೆರೆಯಮ್ಮ ಎಂದೇ ಹೆಸರು. ಅವಳು ಪ್ಯಾಂಟಿಗೆ ಹಾಕಿದ ಗೆರೆ, ತೊಟ್ಟವನು ಮುದುಕನಾದರೂ ಅಳಿಯದು ಎಂದು ಗಿರಾಕಿಗಳು ನಗುತ್ತಿದ್ದರು. ಅಂಥವಳು ಒಂದು ದಿನ ಬಲಗೆನ್ನೆ ಊದಿಸಿಕೊಂಡು ಬಂದು, "ಅಕ್ಕಾ, ನಂಗೆ ಬುದ್ಧಿ ಕೆಟ್ಟಿದೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರೇ ಹಾಗಂದಿದ್ದು?"

"ನಮ್ಮನೆಯವರೇ. ನಾನು ಮನೇಲಿ ಬಿಸಿ ಇಸ್ತ್ರಿ ಪೆಟ್ಟಿಗೆನ ಮೇಜಿನ ಮೇಲೆ ಬೋರಲು ಹಾಕಿ ಮರೆತುಬಿಟ್ಟಿದ್ನಂತೆ. ಕಂಬಳಿ ಸುಟ್ಟಿದೆ. ನಿಲ್ಲಿಸಿಟ್ಟೇ ಬಂದಿದ್ದೆ ಅಂದ್ರೆ, ಮಗಳನ್ನ ಕರೆದು ಕೇಳಿದ್ರು. ಅವಳೂ 'ಅಮ್ಮ ಮರೆತ್ಲು' ಅಂದ್ಲು. ಮಗು ಸುಳ್ಳು ಹೇಳುತ್ತಾ ಅಕ್ಕಾ?"

ಇದೇನು ಮೊದಲನೆಯದಲ್ಲ. ಆ ಗಂಡ ಬೀಗದ ಕೈ ಬಚ್ಚಿಟ್ಟು ಅವಳಿಂದಲೇ ಹುಡುಕಿಸುತ್ತಿದ್ದ. ಬಾಯಿಗೆ ಬಂದಂತೆ ಬೈದು, "ನಾನೆಲ್ಲಿ ಬೈದೆ? ನಿಂಗೆ ಏನೇನೋ ಕೇಳಿಸುತ್ತೆ" ಎನ್ನುತ್ತಿದ್ದ. ಹೊಡೆದು, "ಬಾಗಿಲಿಗೆ ತಾಗಿಸ್ಕೊಂಡ್ಯಲ್ಲಾ, ಪಾಪ" ಎಂದು ತಾನೇ ಮುಲಾಮು ಹಚ್ಚುತ್ತಿದ್ದ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಜಾತಿ! ಈಗಂತೂ, ಹುಚ್ಚಿಯ ಹತ್ತಿರ ಮಗಳನ್ನು ಬಿಡುವುದಿಲ್ಲ, ನಾಳೆಯೇ ತನ್ನ ತಾಯಿಯ ಮನೆಗೆ ಸಾಗಿಸುತ್ತೇನೆ ಎಂದು ಕುಣಿಯುತ್ತಿದ್ದನಂತೆ.

"ನಡಿಯೇ, ಅದೇನು ಸುಟ್ಟಿದೆಯೋ ನೋಡೇಬಿಡೋಣ" ಎಂದು ಅಂಗಡಿ ಮುಚ್ಚಿ ಹೊರಟೆ.

ಅವಳ ಮನೆಯ ಇಸ್ತ್ರಿ ಮೇಜು ಗೋಡೆಗೆ ಒತ್ತಿಕೊಂಡಿದೆ. ನಿಲ್ಲುವುದಕ್ಕೆ ಒಂದೇ ಕಡೆ ಜಾಗ. ಕಂಬಳಿಯ ಮೇಲೆ ಪೆಟ್ಟಿಗೆಯ ಅಚ್ಚು ಕರ್ರಗೆ ಕೂತಿತ್ತು. ಗೆರೆಯಮ್ಮ ಅದರ ಮೇಲೆ ಬಲಗೈ ಹಿಡಿದು ನೋಡಿದಳು. ಆಮೇಲೆ ಎಡಗೈ ಹಿಡಿದಳು. ಬಲಗೈಯವರು ಇಟ್ಟ ಪೆಟ್ಟಿಗೆಯ ಮೂತಿ ಎಡಕ್ಕೆ ವಾಲುತ್ತದೆ. ಇದು ಬಲಕ್ಕೆ ವಾಲಿತ್ತು. ಆ ಮನೆಯಲ್ಲಿ ಎಡಚ ಅಂದರೆ ಅವನೊಬ್ಬನೇ. ಹೊಡೆಯುವುದೂ ಎಡಗೈಯಲ್ಲೇ.

"ಅಕ್ಕಾ, ನಾನಲ್ಲ! ನನ್ನ ತಲೆ ಸರಿಯಾಗಿದೆ ಅಕ್ಕಾ!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಒಳಕೋಣೆಯಿಂದ ಅವನು ಬಂದ, ಹಿಂದೆಯೇ ಮಗಳು.

"ಇದನ್ನ ಸುಟ್ಟಿದ್ದು ನೀನು" ಎಂದಳು ಗೆರೆಯಮ್ಮ. ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಅವನು ಪೆಟ್ಟಿಗೆ ಎತ್ತಿ ಬೀಸಿದ. ಅದು ಅವಳ ಭುಜಕ್ಕೆ ಬಡಿದು, ಮೂಳೆ ಲಟಕ್ಕೆಂದ ಸದ್ದು ನನಗೂ ಕೇಳಿಸಿತು. ಅವಳು ನೆಲಕ್ಕೆ ಕುಸಿದಳು. ರವಿಕೆಯ ತೋಳು ರಕ್ತದಲ್ಲಿ ತೊಯ್ದುಹೋಯಿತು. ನಾನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. ಆಗಲೂ ಆ ಹಾಳಾದವನು, "ನೋಡಿದ್ರಲ್ಲ, ತಾನೇ ಎಡವಿ ಬಿದ್ಲು" ಅಂದ. ನನ್ನ ಕಣ್ಣೆದುರೇ!

ಮಗಳು ಅಳಲಿಲ್ಲ. ಕೈಕಟ್ಟಿ ನಿಂತು ಅವನ ಮುಖವನ್ನೇ ನೋಡುತ್ತಾ ಕೇಳಿದಳು: "ಅಪ್ಪಾ, ಅಮ್ಮ ಎಡವಿದ್ಲು ಅಂತ ಹೇಳ್ತೀನಿ. ಈ ಸಲ ಕತ್ತಲೆ ರೂಮಲ್ಲಿ ಹಾಕಲ್ಲ ತಾನೆ?"

ಗೆರೆಯಮ್ಮ ಎದ್ದಳು. ಆಡುತ್ತಿದ್ದ ಒಂದೇ ಕೈಯಲ್ಲಿ ಮಗಳನ್ನು ಬಾಚಿ ಸೊಂಟಕ್ಕೇರಿಸಿಕೊಂಡು, "ಇನ್ನು ನೀನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ ಕಣೇ" ಎನ್ನುತ್ತಾ ಬೀದಿಗೆ ಇಳಿದಳು.