ಕೆಂಪು ತ್ರಿಕೋನದ ಗೋಡೆ

ಆ ಗೋಡೆಗೆ ಸಗಣಿ ಬಿದ್ದದ್ದು ಅದೇ ಮೊದಲಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದ ಚನ್ನಾಜಮ್ಮ ಪಕ್ಕಕ್ಕೆ ತಿರುಗಿ ನೋಡಿದಳು. ಬೈಯಲಿಲ್ಲ. ಬೈದು ಬೈದು ಸಾಕಾಗಿತ್ತು. ಕೊಡ ಕೆಳಗಿಟ್ಟು, ತೆಂಗಿನ ಚಿಪ್ಪು ತಂದು ಕೆರೆಯತೊಡಗಿದಳು. ಸಗಣಿಯ ಜೊತೆಗೆ ಗೋಡೆಯ ಮಣ್ಣೂ ಉದುರಿತು.

ಹನೂರಿನಿಂದ ರಾಮಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ಅವಳ ಮನೆ. ಮಣ್ಣಿನ ಗೋಡೆ, ನಾಡಹೆಂಚು. ಗಂಡ ಪುಟ್ಟಬಸಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ವಾರಕ್ಕೆ ಎರಡು ದಿನ ಮನೆಯಲ್ಲಿ ಸಿಕ್ಕಿದರೆ ಹೆಚ್ಚು. ಹಾಗಾಗಿ ಮನೆಯ ಬೇಕುಬೇಡಗಳೆಲ್ಲ ಅವಳ ಪಾಲಿಗೇ. ಮದುವೆಯಾಗಿ ಬಂದ ವರ್ಷದಿಂದ ಯುಗಾದಿಗೆ ಮುಂಚೆ ಹೊಟ್ಟು ಕಲಸಿದ ಕೆಮ್ಮಣ್ಣು ಮೆತ್ತಿ, ಬಿರುಕು ಮುಚ್ಚಿ, ಬೀದಿಯ ಗೋಡೆಯನ್ನು ಕೈಯಲ್ಲೇ ನುಣ್ಣಗೆ ಸವರುತ್ತಿದ್ದಳು. ಆ ಗೋಡೆಯ ಒಳಮಗ್ಗುಲಲ್ಲಿ ಎರಡು ವರ್ಷದ ಮಗಳ ಹಾಸಿಗೆ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಜೀಪು ಬಂದು ಮನೆ ಮುಂದೆ ನಿಂತಿತು. ಬಣ್ಣದ ಡಬ್ಬ ಹಿಡಿದು ಇಳಿದವನು, "ಅಮ್ಮಾ, ಬಿಟ್ಟಿ ಸುಣ್ಣ ಹೊಡ್ಕೊಡ್ತೀವಿ, ಬೇಡ ಅಂತೀರಾ?" ಅಂದ. ಬೇಡ ಅನ್ನುವುದಕ್ಕೆ ಏನಿತ್ತು? ಸುಣ್ಣ ಒಣಗಿದ ಮೇಲೆ ಅವನು ಮೊರದಗಲದ ಕೆಂಪು ತ್ರಿಕೋನ ಬರೆದ. ಅದರ ಕೆಳಗೆ, ಮಕ್ಕಳು ಎರಡು ಸಾಕು ಎಂಬ ಅಕ್ಷರ. ಹೊರಡುವಾಗ, "ಇನ್ಮೇಲೆ ಇದು ಗೌರ್ಮೆಂಟ್ ಗೋಡೆ ಕಣಮ್ಮ. ಅಳಿಸಿಗಿಳಿಸೀರ, ಪೊಲೀಸ್ನೋರು ಬಂದಾರು!" ಅಂದ. ಜೀಪಿನಲ್ಲಿದ್ದವರೆಲ್ಲ ನಕ್ಕರು. ಚನ್ನಾಜಮ್ಮನಿಗೆ ಅದು ನಗುವ ಮಾತು ಅಂತ ಹೊಳೆಯಲಿಲ್ಲ. ಪ್ಯಾಂಟು ಹಾಕಿದವರು ಆಡಿದ್ದೆಲ್ಲ ಆಜ್ಞೆಯಂತೆ ಕೇಳುತ್ತಿದ್ದ ಕಾಲ ಅದು.

ಮೊದಮೊದಲು ಬರೀ ತಮಾಷೆ. ಪಕ್ಕದ ಮನೆಯ ಶಿವರತ್ನಮ್ಮ ಜಗುಲಿ ಮೇಲೆ ಕೂತು ಕೆಣಕಿದಳು. "ಏನೇ ಚನ್ನಾಜಿ, ಇರಾದೊಂದು ಕೂಸು, ಆಗ್ಲೇ ಸಾಕು ಅಂತ ಬೋರ್ಡು ಹಾಕಂಡಿದ್ದೀಯಲ್ಲ?"

"ನಿಂಗೆ ಆರು ಮಕ್ಳವಲ್ಲ, ನಿನ್ ಲೆಕ್ಕಕ್ಕೂ ಸೇರಿಸಿ ಹಾಕ್ಸಿದ್ದೀನಿ ಬುಡಕ್ಕ" ಎಂದಿದ್ದಳು ಚನ್ನಾಜಮ್ಮ. ಇಬ್ಬರೂ ನಕ್ಕಿದ್ದರು.

ಸ್ಕೂಲಿನಲ್ಲಿ, ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪು ನಡೆದ ಮೇಲೆ ಆ ನಗು ನಿಂತಿತು. ಊರಲ್ಲಿ ಒಂದೊಂದು ಮನೆಯಲ್ಲೂ ಗುಸುಗುಸು, ಜಗಳ. ಆಮೇಲೆ ಸಗಣಿ ಶುರುವಾಯಿತು. ಸಗಣಿಯ ಜೊತೆಗೆ ಒಂದೊಂದು ದಿನ ಕಲ್ಲು. ಕಲ್ಲು ಬಿದ್ದಲ್ಲೆಲ್ಲ ಮೆತ್ತಿದ ಮಣ್ಣು ಕಳಚಿ ಗೋಡೆಯ ಹೊಟ್ಟೆ ಕಾಣತೊಡಗಿತು. ಮುಂದಿರುವುದು ಮಳೆ. ನೆನೆದರೆ ಗೋಡೆ ಒಳಕ್ಕೇ ಬೀಳುತ್ತದೆ, ಹಾಸಿಗೆಯ ಮೇಲೆ. ಹಗಲೂ ರಾತ್ರಿಯೂ ಅವಳ ತಲೆಯಲ್ಲಿ ಅದೊಂದೇ.

ಗೋಡೆಯ ಬುಡಕ್ಕೆ ಜಾಲಿಮುಳ್ಳು ಹರವಿದಳು. ಎರಡೇ ದಿನಕ್ಕೆ ಮಗುವಿನ ಅಂಗೈ ಗೀರಿ ರಕ್ತ ಬಂತು. ಮುಳ್ಳನ್ನು ತಾನೇ ಎಳೆದು ಒಲೆಗೆ ಹಾಕಿದಳು. ಆಮೇಲೆ ಅವಳಿಗೆ ಭಾರಿ ಉಪಾಯ ಅನ್ನಿಸಿದ್ದೊಂದು ಹೊಳೆಯಿತು. ಸ್ನಾನ ಮಾಡಿ, ವಿಭೂತಿಗಟ್ಟಿ ತೇಯ್ದು, ತ್ರಿಕೋನದ ಮೇಲೆ ದಪ್ಪವಾಗಿ ಮೂರು ಪಟ್ಟೆ ಎಳೆದಳು. ವಿಭೂತಿಯ ಮೇಲೆ ಯಾರು ಸಗಣಿ ಎಸೆದಾರು?

ಸಂಜೆಯಾಗುವಷ್ಟರಲ್ಲಿ ಬೀದಿಯ ಹಿರಿಯ ಸಿದ್ದಮಲ್ಲಪ್ಪ ದೊಣ್ಣೆ ಊರಿಕೊಂಡು ಬಂದ.

"ಏನವ್ವಾ ಇದು? ಶಿವನ ಈಬೂತಿ ತಂದು ಆಪರೇಸನ್ ಗುರ್ತಿನ ನೆತ್ತಿಗೆ ಬಳ್ದಿದ್ದೀಯಲ್ಲ! ನಾಳಿಕ್ಕೆ ಮಂಗಳಾರತಿನೂ ಎತ್ತೀಯೇನು?"

"ಕಲ್ಲು ಹೊಡೀದೆ ಇರ್ಲಿ ಅಂತ ಮಾವ..."

"ಚೆನ್ನಾಗದ ಬುಡು. ನಿನ್ ಗ್ವಾಡೆ ಕಾಯಕ್ಕೆ ದೇವ್ರನ್ನೇ ಜೀತಕ್ಕಿಟ್ಟಂಗಾಯ್ತು."

ಅವಳು ಆಗಲೇ ಒದ್ದೆ ಬಟ್ಟೆಯಿಂದ ಪಟ್ಟೆಗಳನ್ನು ಒರೆಸಿದಳು. ಸುದ್ದಿ ಒರೆಸಿಹೋಗಲಿಲ್ಲ. ಆ ವಾರ ಸಂತೆಗೆ ಹೋಗಿ ಬರುವಷ್ಟರಲ್ಲಿ ಕಲ್ಲೇಟಿಗೆ ಹೆಂಚುಗಳು ಪುಡಿಯಾಗಿದ್ದವು. ಒಳಗೆ, ಮಗಳ ದಿಂಬಿನ ಮೇಲೆ ಗೋಡೆಯಿಂದ ಉದುರಿದ ಬೊಗಸೆ ತುಂಬುವಷ್ಟು ಮಣ್ಣು. ಮಗು ಅವಳ ಸೊಂಟದ ಮೇಲೇ ಇತ್ತು. ಚನ್ನಾಜಮ್ಮ ದಿಂಬನ್ನು ಕೊಡವಿದಳು. ಕೊಡವುತ್ತಲೇ ಇದ್ದಳು.

ಮಾರನೆಯ ದಿನ ಬಂದ ಪುಟ್ಟಬಸಪ್ಪ ಹೆಂಚು ಹೊದಿಸಿ ಕೆಳಗಿಳಿದು, "ಆ ಗುರ್ತ ಅಳಿಸ್ಬುಡು ಅತ್ಲಾಗೆ" ಅಂದ.

"ಗೌರ್ಮೆಂಟ್ ಗ್ವಾಡೆ ಅಂತ ಯೋಳವ್ರಲ್ಲ. ನಿಮ್ ಲೈಸೆನ್ಸ್ ಕಿತ್ಕಂಡ್ರೆ?"

ಅವನು, "ಪೊಲೀಸ್ನೋರ್ಗೆ ಯೋಳ್ಳಾ?" ಅಂದ.

"ಯಾರ್ ಮ್ಯಾಲೆ ಅಂತ ಯೋಳೀರಿ? ಬೀದಿ ತುಂಬಾ ನೆಂಟ್ರೇ."

ಅವನು ಬಸ್ಸಿಗೆ ಹೋದ.

ಮೂರನೆಯ ದಿನ, ಬೆಳಕು ಹರಿಯುವ ಹೊತ್ತಿಗೆ, ಚನ್ನಾಜಮ್ಮ ಬಾಗಿಲ ಸಂದಿಯಲ್ಲಿ ಕಾದು ನಿಂತಿದ್ದಳು. ಸಗಣಿ ತುಂಬಿದ ಮಂಕರಿ ಹಿಡಿದು ಬಂದದ್ದು ಹಿಂದಿನ ಬೀದಿಯ ವೀರಮ್ಮ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಎಣ್ಣೆ ಕಾಸಿಕೊಟ್ಟಿದ್ದ ಮುದುಕಿ. ಚನ್ನಾಜಮ್ಮ ಹೊರಗೆ ಬಂದರೂ ಅವಳು ಓಡಲಿಲ್ಲ. ಕೈಯಲ್ಲಿದ್ದ ಸಗಣಿಯನ್ನು ಎಸೆದೇ ತಿರುಗಿದಳು.

"ಅತ್ತೆ! ನೀವಾ?"

"ನಿನ್ ಗ್ವಾಡೆಗಲ್ಲ ಕಣವ್ವ. ಆ ಕೆಂಪು ಗುರ್ತಿಗೆ."

"ಗುರ್ತು ಎಲ್ಲದ ಅತ್ತೆ, ಗಾಳೀಲಿ ನೇತಾಕಂಡದಾ? ನನ್ ಕೂಸಿನ ಮ್ಯಾಲೆ ಮಣ್ಣು ಬೀಳ್ತಾ ಅದ."

ವೀರಮ್ಮ ಮಂಕರಿ ಇಳಿಸಿ ಜಗುಲಿ ಮೇಲೆ ಕುಸಿದಳು. ಅವಳ ಒಬ್ಬನೇ ಮಗ ಯಾರಿಗೂ ಹೇಳದೆ ಕ್ಯಾಂಪಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಅವನಿಗಿದ್ದದ್ದು ಒಂದೇ ಹೆಣ್ಣು ಕೂಸು. ಅದೂ ಕಳೆದ ತಿಂಗಳು ಜ್ವರದಲ್ಲಿ ಹೋಯಿತು. "ಅವನ್ನ ಬಯ್ಯಕಾದದಾ? ಮೂಲೆ ಸೇರಿ ಕುಂತವನೆ. ಅನ್ನ ಇಟ್ರೆ ಉಣ್ಣಲ್ಲ. ನಾನ್ ಯಾರ್‌ಗೆ ಒಡೀಲಿ ಯೋಳು?" ಅಂದಳು. "ಕಲ್ಲು ಒಗೆದೋಳು ನಾನಲ್ಲ. ಅದ್ಯಾರೋ. ನಂದು ಸಗಣಿ ಒಂದೇ."

ಚನ್ನಾಜಮ್ಮನೂ ಪಕ್ಕದಲ್ಲಿ ಕೂತಳು.

"ಮದ್ಲೇ ಅಳಿಸ್ಬುಡಕ್ಕೇನು ಬಂದಿತ್ತು ನಿಂಗೆ?" ವೀರಮ್ಮ ಕೇಳಿದಳು.

"ಗೌರ್ಮೆಂಟ್ದು ಅಂದ್ರು."

"ಬಿದ್ದೋದ್ರೆ ಗೌರ್ಮೆಂಟು ಬಂದು ಕಟ್ಕೊಟ್ಟದಾ?"

ಆ ಮಾತು ಇಷ್ಟು ದಿನ ತನಗೇ ಯಾಕೆ ಬರಲಿಲ್ಲವೋ ಎಂದು ಚನ್ನಾಜಮ್ಮ ಗೋಡೆಯ ಕಡೆ ನೋಡಿದಳು. ಹೆದರಿಕೆ ಹೋಗಿರಲಿಲ್ಲ. ಆದರೆ ದಿಂಬಿನ ಮೇಲಿನ ಮಣ್ಣಿನ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಒಳಗೆ ಹೋಗಿ ಗುದ್ದಲಿ ತಂದಳು. ಸೆರಗು ಸಿಕ್ಕಿಸಿ ತ್ರಿಕೋನದ ತುದಿಗೆ ಮೊದಲ ಏಟು ಹಾಕಿದಳು. ಸಡಿಲವಾಗಿದ್ದ ಮೆತ್ತಿದ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಕೆಳಗುರುಳಿತು, ಸುಣ್ಣ, ಕೆಂಪು, ಅಕ್ಷರ ಎಲ್ಲ.

"ಜೀಪಿನೋರು ಬಂದ್ರೆ ಏನಂತೀಯ?" ಅಂದಳು ಬಾಗಿಲಿಗೆ ಬಂದ ಶಿವರತ್ನಮ್ಮ.

"ನಾನೇ ಕಿತ್ತೆ ಅಂತೀನಿ. ಕೂಸು ಮಲಗಾ ಜಾಗ ಅಂತೀನಿ. ಆಮೇಲೆ ಅವರುಂಟು, ನಾನುಂಟು."

ವೀರಮ್ಮ ಸೀರೆ ಎತ್ತಿ ಕಟ್ಟಿ, ಅಂಗಳದಲ್ಲಿ ಮಣ್ಣು ಹೊಟ್ಟು ಸೇರಿಸಿ ತುಳಿಯತೊಡಗಿದಳು. ಬಿಸಿಲೇರುವವರೆಗೂ ಒಬ್ಬಳು ತುಳಿದಳು, ಇನ್ನೊಬ್ಬಳು ಮೆತ್ತಿದಳು. ಮಗು ಬಂದು ಹಸಿ ಗೋಡೆಗೆ ಕೈ ಒತ್ತಲು ಹೋದಾಗ ವೀರಮ್ಮ ಅದನ್ನು ಎತ್ತಿಕೊಂಡಳು. ತುಂಬ ಹೊತ್ತು ಇಳಿಸಲಿಲ್ಲ. ಚನ್ನಾಜಮ್ಮ ಕೊಡಿ ಅಂತ ಕೇಳಲೂ ಇಲ್ಲ.

ಮಧ್ಯಾಹ್ನಕ್ಕೆ ಬೆಟ್ಟದ ಕಡೆ ಮೋಡ ಕಟ್ಟಿತು. ಗೋಡೆ ಒಣಗಲು ಇನ್ನೂ ಎರಡು ದಿನದ ಬಿಸಿಲು ಬೇಕಿತ್ತು. ಚನ್ನಾಜಮ್ಮ ಹಳೆಯ ಗೋಣಿಚೀಲಗಳನ್ನು ಹೊಲಿದು ಸೂರಿನಿಂದ ಇಳಿಬಿಟ್ಟಳು. ಮಗಳ ಹಾಸಿಗೆಯನ್ನು ಒಲೆಯ ಮಗ್ಗುಲಿಗೆ ಎಳೆದು, ಮಣ್ಣು ಮೆತ್ತಿದ ಕೈಯನ್ನು ದಣಿವಿಗೆ ತೊಳೆಯಲೂ ಆಗದೆ, ಅಲ್ಲೇ ಅದರ ಪಕ್ಕದಲ್ಲಿ ಒರಗಿದಳು.