ಸ್ಲೈಡಿನ ಮೂಲೆಯ ‘ವಿ’

ನಮ್ಮ ಬಾಸ್ ಅವಳ ಕಣ್ಣನ್ನು ಹೊಗಳಿದ ದಿನ ನಾನು ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟೆ. ಅವಳೆಂದರೆ ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಪಕ್ಕದ ಮಂಚದಲ್ಲಿ ಮಲಗಿದವಳು, ಎಂ.ಎಸ್ಸಿ.ಯ ಪ್ರತಿ ಪರೀಕ್ಷೆಯಲ್ಲೂ ನನಗಿಂತ ಕಡಿಮೆ ಅಂಕ ತೆಗೆದವಳು. ಈಗ ಮೆಲ್ಬರ್ನ್‌ನಲ್ಲಿ ಪೆಥಾಲಜಿಸ್ಟ್, ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಪು ಕೊಡುವವಳು. ನಾನು ಸಿಡ್ನಿಯ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಲಿವರ್, ಕಿಡ್ನಿಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿಗೆ ಹತ್ತಿಸಿ ಬಣ್ಣ ಹಾಕುವವಳು. ಕತ್ತರಿಸುವುದು ನಾನು, ಹೆಸರು ಬರುವುದು ನೋಡಿದವರಿಗೆ.

ತರಕಾರಿಗೆ ಹೊಡೆಯುವ ಒಂದು ಕೀಟನಾಶಕದ ಪರೀಕ್ಷೆ ನಡೆದಿತ್ತು. ಅರ್ಧದಷ್ಟು ಇಲಿಗಳಿಗೆ ಎಣ್ಣೆಯಲ್ಲಿ ಕಲಸಿದ ವಿಷ, ಉಳಿದವಕ್ಕೆ ಬರೀ ಎಣ್ಣೆ. ತಿಂಗಳುಗಟ್ಟಲೆ ಹೀಗೆ ಕುಡಿಸಿ, ಕೊನೆಗೆ ಅವುಗಳ ಒಳಗೆ ಏನಾಗಿದೆಯೆಂದು ನೋಡಬೇಕು. ನೋಡುವವರಿಗೆ ಯಾವ ಇಲಿ ಏನು ಕುಡಿದಿತ್ತೆಂದು ಗೊತ್ತಿರಬಾರದು. ಗೊತ್ತಿದ್ದರೆ ಚೆನ್ನಾಗಿರುವ ಲಿವರಿನಲ್ಲೂ ಕಣ್ಣು ಏನಾದರೊಂದು ಕುಂದು ಹುಡುಕಿಬಿಡುತ್ತದೆ. ಅದಕ್ಕೇ ಸ್ಲೈಡುಗಳ ಮೇಲೆ ಅಡ್ಡಾದಿಡ್ಡಿ ಸಂಖ್ಯೆಗಳನ್ನಷ್ಟೇ ಬರೆಯುವುದು. ಯಾವ ಸಂಖ್ಯೆ ಯಾವ ಇಲಿಯದೆಂಬ ಪಟ್ಟಿ ಬೀರುವಿನಲ್ಲಿರುತ್ತದೆ, ಬೀರುವಿನ ಬೀಗದ ಕೈ ನನ್ನ ಹತ್ತಿರ.

ನನ್ನದೊಂದು ಕಳ್ಳ ಅಭ್ಯಾಸವಿತ್ತು. ಸಂಖ್ಯೆಗಳು ಅದಲುಬದಲಾದರೆ ಎಂಬ ಭಯಕ್ಕೆ, ಸ್ಲೈಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಾಸಿವೆಯಷ್ಟು ಚಿಕ್ಕದಾಗಿ ಕನ್ನಡದಲ್ಲಿ ಬರೆಯುತ್ತಿದ್ದೆ: ವಿಷ ಕುಡಿದದ್ದಕ್ಕೆ ‘ವಿ’, ಎಣ್ಣೆ ಕುಡಿದದ್ದಕ್ಕೆ ‘ಎ’. ಇದೇನೆಂದು ಬಾಸ್ ಒಮ್ಮೆ ಕೇಳಿದ್ದರು, ನನ್ನ ಸಹಿ ಎಂದಿದ್ದೆ. ನಮ್ಮಲ್ಲಿ ಸ್ಲೈಡು ನೋಡುತ್ತಿದ್ದ ಬಿಳಿಯ ಮುದುಕರಿಗೆ ಅದು ಇರುವೆ ಹರಿದಂತೆ ಕಂಡಿರಬೇಕು.

ಆ ಮುದುಕರು ನಿವೃತ್ತರಾದರು. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲವಂತೆ, ಈ ಸಲದ ಸ್ಲೈಡುಗಳು ಮೆಲ್ಬರ್ನ್‌ಗೆ, ಅವಳ ಬಳಿಗೆ ಹೋಗಲಿ ಎಂದು ಬಾಸ್ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮುಖ ಗಂಟಿಕ್ಕಿಕೊಂಡೇ ಪೆಟ್ಟಿಗೆಗಳನ್ನು ಕಟ್ಟಿ ಕೊರಿಯರ್‌ಗೆ ಕೊಟ್ಟೆ. ಮೂಲೆಯ ಅಕ್ಷರಗಳನ್ನು ಅಳಿಸುವುದು ತಲೆಗೇ ಬರಲಿಲ್ಲ. ಸಂಜೆ ನಮ್ಮ ಟೂಂಗಾಬಿ ಬಡಾವಣೆಯ ಅಂಗಡಿಯಲ್ಲಿ ಕರಿಬೇವು ಆರಿಸುವಾಗಲೂ ಅವಳನ್ನೇ ಬೈದುಕೊಳ್ಳುತ್ತಿದ್ದೆ.

ಮೂರು ವಾರಕ್ಕೆ ಅವಳ ಡ್ರಾಫ್ಟ್ ರಿಪೋರ್ಟ್ ಬಂತು. ಪಟ್ಟಿಯೊಂದಿಗೆ ಹೋಲಿಸಿ ನೋಡಿದ ಬಾಸ್ ಬೆರಗಾದರು. ವಿಷ ಕುಡಿದ ಇಲಿಗಳಲ್ಲಿ ಒಂದನ್ನು ಬಿಟ್ಟು ಎಲ್ಲದರ ಲಿವರ್ ಕೆಟ್ಟಿದೆ ಎಂದಿದ್ದಳು, ಎಣ್ಣೆ ಕುಡಿದವುಗಳದು ಒಂದೂ ಕೆಟ್ಟಿಲ್ಲ ಎಂದಿದ್ದಳು. ಆಗಲೇ ನನಗೆ ‘ವಿ’ ನೆನಪಾದದ್ದು. ಇಡೀ ಆಸ್ಟ್ರೇಲಿಯಾದ ಪೆಥಾಲಜಿಸ್ಟರಲ್ಲಿ ಆ ಅಕ್ಷರ ಓದಬಲ್ಲ ಒಬ್ಬಳ ಕೈಗೇ ಪೆಟ್ಟಿಗೆ ಕಳಿಸಿದ್ದೆ.

ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ನೋಡಿ ಬರೆದಿದ್ದಾಳೆ, ಅನುಮಾನ ಬರಬಾರದೆಂದು ಬೇಕೆಂದೇ ಒಂದು ತಪ್ಪನ್ನೂ ಮಾಡಿದ್ದಾಳೆ ಎಂದುಕೊಂಡೆ. ಬಾಸ್ ಕಿವಿಗೆ ಒಂದು ಮಾತು ಹಾಕಿದರೆ ಅವಳ ಹೆಸರು ಮಣ್ಣುಪಾಲು. ನನ್ನ ತಪ್ಪೂ ಬಯಲಾಗುತ್ತದೆಂದು ಗೊತ್ತಿತ್ತು. ಅವಳು ಬೀಳುವುದಾದರೆ ನಾನೂ ಸ್ವಲ್ಪ ತರಚಿಕೊಳ್ಳಲು ತಯಾರಿದ್ದೆ. ಅದಕ್ಕೆ ಮೊದಲು ಅವಳ ಮುಖ ಬಾಡುವುದನ್ನು ನಾನೇ ನೋಡಬೇಕಿತ್ತು. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ನೆಂಟರೊಬ್ಬರ ಗೃಹಪ್ರವೇಶವಿತ್ತು, ಅದೇ ನೆಪದಲ್ಲಿ ಟಿಕೆಟ್ ಬುಕ್ ಮಾಡಿದೆ.

ಗೃಹಪ್ರವೇಶದ ಮರುದಿನ ಬೆಳಿಗ್ಗೆ ಅವಳೇ ಕಾರಿನಲ್ಲಿ ಬಂದು, ಊರಿನ ಆ ತುದಿಯಿಂದ ಈ ತುದಿಗೆ, ಪಾಯಿಂಟ್ ಕುಕ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು. ಫ್ರೀವೇಯಲ್ಲಿ ಅವಳು ಗಾಡಿ ಓಡಿಸುವ ಧೈರ್ಯಕ್ಕೂ ಹೊಟ್ಟೆ ಉರಿಯಿತು. ಬಾಗಿಲು ತೆರೆದ ಅವಳ ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆರ್ ಯು ದಿ ಆಂಟಿ ಹೂ ಆಲ್ವೇಸ್ ಕೇಮ್ ಫಸ್ಟ್?” ಎಂದಳು. ಹಂಗಿಸಲು ತಾಯಿಯೇ ಹೇಳಿಕೊಟ್ಟಿದ್ದಾಳೆ ಎಂದೇ ನನಗನ್ನಿಸಿತು.

ಮೊದಲ ದೋಸೆ ತಟ್ಟೆಗೆ ಬೀಳುವಷ್ಟರಲ್ಲಿ ಕೇಳಿಯೇಬಿಟ್ಟೆ. “ಸ್ಲೈಡ್ ಮೇಲೆ ನಾನು ಬರೆದಿದ್ದು ನೋಡಿದ್ಯಾ?”

“ನೋಡಿದೆ” ಎಂದಳು, ಕಾವಲಿಯಿಂದ ಕಣ್ಣೆತ್ತದೆ. “ಮೊದಲನೇ ಸ್ಲೈಡ್ ತೆಗೆದ ತಕ್ಷಣ. ನಿನ್ನ ಅಕ್ಷರ ನಂಗೆ ಗೊತ್ತಿಲ್ವೇನೇ, ಎರಡು ವರ್ಷ ನಿನ್ನ ನೋಟ್ಸ್ ಓದೇ ಪಾಸ್ ಆಗಿದ್ದು.”

“ಅಂದ್ರೆ, ನೋಡ್ಕೊಂಡೇ ರಿಪೋರ್ಟ್ ಬರೆದೆ.”

ಅವಳು ಸ್ಟವ್ ಆರಿಸಿದಳು. ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಸಾಲಾಗಿ ನನ್ನ ಸ್ಲೈಡುಗಳು. ಪ್ರತಿಯೊಂದರ ತುದಿಗೂ ಬಿಳಿ ಟೇಪ್ ಸುತ್ತಿ, ಮೇಲೆ ಬೇರೆ ಯಾರದೋ ಕೈಬರಹದಲ್ಲಿ ಹೊಸ ಸಂಖ್ಯೆ ಬರೆದಿತ್ತು.

“ಬಾಕ್ಸ್ ಮುಚ್ಚಿ ನಮ್ಮ ಟೆಕ್ನಿಷಿಯನ್‌ಗೆ ಕೊಟ್ಟೆ. ಎಲ್ಲಾ ಕಲಸಿ, ಟೇಪ್ ಹಾಕಿ, ಹೊಸ ನಂಬರ್ ಕೊಡು ಅಂದೆ. ಆಮೇಲೇ ನೋಡಿದ್ದು. ನಾನು ಎಲ್ಲಾ ಬರೆದಾದ್ಮೇಲೆ ಅವರೇ ಹಳೇ ನಂಬರ್‌ಗೆ ಹೊಂದಿಸಿಕೊಟ್ರು.” ಬೀರುವಿನಿಂದ ಒಂದು ಹಾಳೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ನಿಯಮ ತಪ್ಪಿದಾಗ ತುಂಬಿಸುವ ಫಾರ್ಮ್. ಸ್ಲೈಡುಗಳಿಗೆ ಮತ್ತೆ ಸಂಖ್ಯೆ ಹಾಕಿಸಿದ್ದನ್ನು ಬರೆದು ಸಹಿ ಮಾಡಿದ್ದಳು. ಕಾರಣ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದಳು. “ಫೈನಲ್ ರಿಪೋರ್ಟ್‌ಗೆ ಮುಂಚೆ ಇದು ನಿಮ್ಮ ಬಾಸ್‌ಗೆ ಹೋಗಲೇಬೇಕು. ನೀನೇ ಫೋನ್ ಮಾಡಿ ಹೇಳ್ತೀಯ ಅಂತ ಇಷ್ಟು ದಿನ ಕಾದೆ ಕಣೇ. ಇನ್ನೊಂದು ವಾರ ನೋಡಿ ನಾನೇ ಬರೀತಿದ್ದೆ.”

ಬರೆದೆ. ಗುರುತುಗಳು ನನ್ನವೆಂದು, ಅವುಗಳ ಅರ್ಥ ಇಂಥದ್ದೆಂದು. ಅವಳ ಪೆನ್ನು ಕೂಡ ನನ್ನದಕ್ಕಿಂತ ನಯವಾಗಿ ಓಡುತ್ತಿತ್ತು. ಆದರೂ ಸುಮ್ಮನಿರಲಾರದೆ ಕೆಣಕಿದೆ: “ಒಂದು ವಿಷದ ಇಲಿ ಚೆನ್ನಾಗಿದೆ ಅಂತ ಬರೆದಿದ್ದೀಯಲ್ಲ.”

“ಚೆನ್ನಾಗೇ ಇತ್ತು. ಕೆಲವು ತಡ್ಕೊಂಡುಬಿಡುತ್ವೆ” ಎಂದು ಮತ್ತೆ ಸ್ಟವ್ ಹಚ್ಚಿದಳು.

ಸೋಮವಾರ ಕೆಲಸಕ್ಕೆ ಹೋದಾಗ ಫಾರ್ಮ್ ನನ್ನ ಬ್ಯಾಗಿನಲ್ಲಿತ್ತು. ಬಾಸ್ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಅಲ್ಲಿಗೆ ಹೋಗದೆ ಆ ಇಲಿಯ ಮೇಣದ ತುಂಡನ್ನು ಹುಡುಕಿ ತೆಗೆದೆ. ಹೊಸದಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅವಳಿಗೆ ಕಾಣದೆ ಹೋದದ್ದು ಒಂದೇ ಒಂದು ನನಗೆ ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಉಬ್ಬಿದ ಒಂದು ಜೀವಕೋಶ, ಕೊಬ್ಬು ಕಟ್ಟಿದ ಒಂದು ಗುಳ್ಳೆ. ಸಿಕ್ಕಿದ್ದರೆ ಫಾರ್ಮ್ ಹರಿದು ಹಾಕಿ, ಅವಳ ಕಣ್ಣು ತಪ್ಪಿದ್ದನ್ನು ಬಾಸ್‌ಗೆ ತೋರಿಸುತ್ತಿದ್ದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಎರಡು ಸಲ ನೋಡಿದೆ. ಅಷ್ಟು ವಿಷ ಕುಡಿದ ಇಲಿಯ ಲಿವರಿನಲ್ಲಿ ಏನೂ ಇರಲಿಲ್ಲ.

ದೀಪ ಆರಿಸಿ, ಫಾರ್ಮ್ ತೆಗೆದುಕೊಂಡು ಬಾಸ್ ಕೋಣೆಗೆ ಹೋದೆ.