ಅಕ್ಕನಿಗೆ ಅಂಟಿದ ಪುಕ್ಕಲು

ನಮ್ಮ ಮನೆಯಲ್ಲಿ ಪುಕ್ಕಲು ಎನ್ನುವುದು ಬೈಗುಳವಲ್ಲ. ಹೊಸಬರು ಬಂದರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವ ಮಗು ಪುಕ್ಲು. ದೂರದಿಂದ ಬೊಗಳಿ, ಹತ್ತಿರ ಹೋದರೆ ಬಾಲ ಮುದುರುವ ನಾಯಿ ಪುಕ್ಲು. ಹಳ್ಳದ ನೀರು ಕಂಡು ಹಿಂದಕ್ಕೆ ಜಗ್ಗುವ ಕುರಿಯನ್ನೂ ಅಪ್ಪ ‘ಥೂ ಪುಕ್ಲಿ’ ಎಂದೇ ಗದರುತ್ತಿದ್ದರು. ಯಾರನ್ನಾದರೂ ಹೇಡಿ ಎಂದರೆ ಜಗಳ ಹತ್ತುತ್ತದೆ. ಅಂಜುಬುರುಕಿ ಎಂದರೆ ಮುಖ ಊದಿಕೊಳ್ಳುತ್ತದೆ. ಪುಕ್ಲಿ ಎಂದರೆ ಮಾತ್ರ ಎಲ್ಲರೂ ನಗುತ್ತಾರೆ, ಅನ್ನಿಸಿಕೊಂಡವರೂ ನಗುತ್ತಾರೆ. ನಕ್ಕ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಆ ಮಾತಿನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಇದಕ್ಕೇ.

ನಮ್ಮೂರು ತಾಳ್ಯದ ಕಡೆ. ಅಕ್ಕನನ್ನು ಧರ್ಮಪುರದ ಹತ್ತಿರದ ಹಳ್ಳಿಯೊಂದಕ್ಕೆ ಮದುವೆ ಮಾಡಿ ಕೊಟ್ಟೆವು. ಕುರಿ ತಪ್ಪಿಸಿಕೊಂಡರೆ ಒಬ್ಬಳೇ ಗುಡ್ಡ ಹತ್ತಿ ಹುಡುಕಿ ತರುತ್ತಿದ್ದ ಹುಡುಗಿ ಅವಳು. ಮದುವೆಯಾದ ಮೊದಲ ವರ್ಷ ತವರಿಗೆ ಆಗಾಗ ಬಂದು ಹೋದಳು. ಆಮೇಲೆ ಬರುವುದೇ ನಿಂತಿತು. ಯಾವಾಗ ಫೋನ್ ಮಾಡಿದರೂ ಭಾವನದು ಒಂದೇ ಉತ್ತರ.

“ನಾನೇನು ಬ್ಯಾಡ ಅಂತೀನೇನಮ್ಮ? ನಿಮ್ಮಕ್ಕ ಪುಕ್ಲಿ. ಒಬ್ಳೇ ಬಸ್ ಹತ್ತಲ್ಲ ಅಂತಾಳೆ.”

ಹಿಂದಿನಿಂದ ಅಕ್ಕನ ನಗು ಕೇಳುತ್ತಿತ್ತು. ಇತ್ತ ಅಮ್ಮನೂ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುವುದೇಕೆ? ಅಕ್ಕ ಒಬ್ಬಳೇ ನನ್ನ ಜೊತೆ ಮಾತಾಡುವುದಿಲ್ಲವೇಕೆ?

ಹೊಳಲ್ಕೆರೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ರವಿಕೆ ಅಳತೆ ಕೊಡಲು ಬಂದಿದ್ದ ಒಬ್ಬಾಕೆ ನನ್ನ ಮಾತು ಕೇಳಿ, “ಹೊಡೆಯೋ ಗಂಡಸ್ರು ಹಿಂಗೇ ನಗನಗ್ತಾ ಮಾತಾಡ್ತಾರೆ ಕಣಮ್ಮ, ಹೋಗಿ ನೋಡ್ಕಂಡು ಬಾ” ಎಂದಳು. ಅಂದಿನಿಂದ ಮಶೀನು ತುಳಿಯುವಾಗಲೂ ಅದೇ ಯೋಚನೆ. ಒಂದು ದಿನ ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಚಿತ್ರದುರ್ಗಕ್ಕೆ ಹೋಗಿ ಹಿರಿಯೂರಿನ ಬಸ್ ಹಿಡಿದೆ. ಅಲ್ಲಿಂದ ಧರ್ಮಪುರದ ಬಸ್ಸು, ಆಮೇಲೆ ಆಟೋ.

ಅಕ್ಕ ನನ್ನನ್ನು ಕಂಡು ಖುಷಿಪಟ್ಟಳು. ಮರುಗಳಿಗೆಯೇ ತಿರುಗಿ ಗಂಡನ ಮುಖ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ. ಭಾವ, “ಬರ್ರಿ ಬರ್ರಿ, ಕುಂತ್ಕಳ್ರಿ” ಎಂದು ಉಪಚಾರ ಮಾಡಿದರು. ನಾನು ಅಕ್ಕನ ಕೈ, ಕತ್ತು, ಬೆನ್ನೆಲ್ಲ ಕಣ್ಣಲ್ಲೇ ತಡಕಿದೆ. ಎಲ್ಲೂ ಗಾಯದ ಗುರುತಿರಲಿಲ್ಲ. ಆದರೆ ಬಾಗಿಲಲ್ಲಿ ಸದಾ ನಿಂತಿರುತ್ತಿದ್ದ ಬೈಕು ಕಾಣಲಿಲ್ಲ.

“ಬೈಕ್ ಎಲ್ಲಿ ಭಾವ?”

“ಮಾರಿದ್ನಮ್ಮ. ನಿಮ್ಮಕ್ಕ ಹಿಂದೆ ಕುಂತ್ಕಳಾಕೆ ಹೆದರ್ತಾಳೆ.”

ಹಿತ್ತಲ ಬಾವಿಯ ಮೇಲೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಜಡಿದಿದ್ದರು. ಕೇಳಿದರೆ ಅದಕ್ಕೂ ಅಕ್ಕನ ಹೆದರಿಕೆಯೇ ಕಾರಣ. ಬಚ್ಚಲಿನ ಬಾಗಿಲಿಗೆ ಒಳಗಿನ ಚಿಲಕವೇ ಇರಲಿಲ್ಲ. ಈ ಮನುಷ್ಯ ನನ್ನ ಅಕ್ಕನ ಸುತ್ತ ಬೇಲಿ ಕಟ್ಟುತ್ತಿದ್ದಾನೆ, ಆ ಬೇಲಿಗೆ ಪುಕ್ಲಿ ಎಂಬ ಹೆಸರು ಕೊಟ್ಟಿದ್ದಾನೆ ಎಂದುಕೊಂಡೆ.

ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದು ನಿಲ್ಲಿಸಿದೆ. “ನಿಜ ಹೇಳು. ಕಳ್ಸಾಕೆ ಒಪ್ಪಲ್ವ? ಹೊಡೀತಾರ?”

“ಥೂ, ಏನ್ ಮಾತೇ ಅದು! ನಂಗೇ ಹೆದ್ರಿಕೆ.”

“ನಿಂಗ? ನಿಂಗೆ ಯಾವಾಗಿಂದ ಹೆದ್ರಿಕೆ?”

ಅವಳು ಸೊಪ್ಪು ಬಿಡಿಸಲು ಕೂತಳು.

ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದೆವು. ಭಾವ ಜಗಲಿಯ ಮೇಲೆ ಕೂತು ಏನೋ ಹೇಳುತ್ತಿದ್ದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಗಂಟಲಿಂದ ದನಿಯಲ್ಲದ ದನಿಯೊಂದು ಹೊರಟಿತು. ನಾನು ತಲೆ ಎತ್ತುವಷ್ಟರಲ್ಲಿ ಅಕ್ಕ ಮೊರ ಎಸೆದು ಓಡಿದ್ದಳು. ಜಗಲಿಯಿಂದ ಬೀಳುತ್ತಿದ್ದ ಆ ದೊಡ್ಡ ಮೈಯನ್ನು ಎದೆಗೆ ಆನಿಸಿ ಹಿಡಿದು ಮೆಲ್ಲಗೆ ಕೆಳಕ್ಕೆ ಇಳಿಸಿದಳು. ಪಕ್ಕಕ್ಕೆ ಹೊರಳಿಸಿ, ತಲೆಯಡಿ ತನ್ನ ಸೆರಗು ಮಡಚಿಟ್ಟಳು. ಭಾವನ ಕೈಕಾಲು ಅದುರುತ್ತಿದ್ದವು, ಬಾಯಲ್ಲಿ ನೊರೆ.

ನಾನು ಕಂಬ ಹಿಡಿದು ನಿಂತಲ್ಲೇ ನಿಂತಿದ್ದೆ. “ಬಾಗ್ಲು ಹಾಕೇ, ಯಾರಾನ ನೋಡಿಯಾರು” ಎಂದಳು ಅಕ್ಕ. ಅವಳ ದನಿ ಒಂದಿಷ್ಟೂ ನಡುಗಿರಲಿಲ್ಲ.

ಭಾವನಿಗೆ ನಿದ್ದೆ ಹತ್ತಿದ ಮೇಲೆ ಹೇಳಿದಳು. ಮದುವೆಯಾದ ಮರುವರ್ಷ ಶುರುವಾದದ್ದಂತೆ. ಮೂರ್ಛೆ ರೋಗ ಎಂದು ತಿಳಿದರೆ ಜನ ದೂರ ಸರಿಯುತ್ತಾರೆ, ತನ್ನ ತಂಗಿಗೆ ಗಂಡು ಸಿಗುವುದಿಲ್ಲ ಎಂದು ಭಾವ ಹೆದರಿದ್ದರು. ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಯಾರೋ ಕಟ್ಟಿದ ತಾಯತ ಒಂದೇ ಮದ್ದು. ಬೈಕು ಮಾರಿದ್ದು, ಬಾವಿ ಮುಚ್ಚಿದ್ದು, ಚಿಲಕ ತೆಗೆದದ್ದು ಎಲ್ಲ ಅವರು ಎಲ್ಲಾದರೂ ಬಿದ್ದಾರೆಂದು. ಒಬ್ಬಳೇ ಮಾತಾಡಿದರೆ ಬಾಯಿ ತಪ್ಪೀತೆಂದು ಫೋನು ಸ್ಪೀಕರಿಗೆ. ಅವರೊಬ್ಬರನ್ನೇ ಬಿಟ್ಟು ಬರಲಾಗದೆ ಇವಳು ಪುಕ್ಲಿ ಆಗಿದ್ದಳು.

“ಆ ಹೆಸ್ರು ಇಟ್ಕಂಡಿದ್ದು ನಾನೇ ಕಣೇ. ಪುಕ್ಲಿ ಅಂದ್ರೆ ಜನ ನಕ್ಕು ಸುಮ್ನಾಗ್ತಾರೆ.”

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯಲಿಲ್ಲ. ಸಂಜೆ ಭಾವ ಎದ್ದು ಕೂತು, ನಾನು ನೋಡಿದೆನೆಂದು ಗೊತ್ತಾಗಿ ತಲೆ ತಗ್ಗಿಸಿದರು.

“ಭಾವ, ನಾಳೆ ದುರ್ಗಕ್ಕೆ ಹೋಗಾಣ. ಡಾಕ್ಟ್ರಿಗೆ ತೋರಿಸ್ದೇ ನಾನು ಊರಿಗೆ ಹೋಗಲ್ಲ.”

“ಯಾರಾನ ಕೇಳಿದ್ರೆ?”

“ಪುಕ್ಲಿಗೆ ಔಷಧಿ ಕೊಡ್ಸಾಕೆ ಹೊಂಟೀವಿ ಅನ್ರಿ” ಎಂದಳು ಅಕ್ಕ. ಭಾವ ನಗಲಿಲ್ಲ. ಬೆಳಿಗ್ಗೆ ನಮಗಿಂತ ಮೊದಲೇ ಅಂಗಿ ಹಾಕಿಕೊಂಡು ನಿಂತಿದ್ದರು.

ಮಾತ್ರೆ ಶುರುವಾಯಿತು. ಮೊದಮೊದಲು ಒಗ್ಗಲಿಲ್ಲ, ಡಾಕ್ಟರು ಬದಲಿಸಿ ಕೊಟ್ಟರು. ಈಗ ಭಾವ ಬಿದ್ದು ಬಹಳ ಕಾಲವಾಯಿತು. ಹೋದ ಬೇಸಿಗೆಯಲ್ಲಿ ಅಕ್ಕ ಒಬ್ಬಳೇ ತವರಿಗೆ ಬಂದಳು. ಅಮ್ಮ ಬಾಗಿಲಲ್ಲೇ, “ಯಾರ ಜೊತೆ ಬಂದ್ಯೇ?” ಎಂದು ಕೇಳಿದಳು. “ಡ್ರೈವರ್ ಕಂಡಕ್ಟರ್ ಜೊತೆ” ಎಂದಳು ಅಕ್ಕ.

ಆದರೆ ನಮ್ಮ ಮನೆಯಲ್ಲಿದ್ದಷ್ಟು ದಿನವೂ ಅವಳ ಕೈಯಿಂದ ಫೋನು ಇಳಿಯಲಿಲ್ಲ. ಒಮ್ಮೆ ಊಟದ ಹೊತ್ತಿಗೆ ಮಾಡಿದಾಗ ಭಾವ ಬೇಗ ಎತ್ತಲಿಲ್ಲ. ಅವಳು ತಟ್ಟೆ ಸರಿಸಿ, ನನ್ನ ಮುಂಗೈ ಹಿಡಿದುಕೊಂಡಳು.

“ಅಲ್ಲಿದ್ದಾಗ ಹಿಂಗೆ ಆಗ್ತಿರಲಿಲ್ಲ ಕಣೇ. ಈಗ ನಿಜವಾಗ್ಲೂ ಹೆದ್ರಿಕೆ ಆಗ್ತೈತೆ.”

ಇನ್ನೊಮ್ಮೆ ಮಾಡಿದಾಗ ಆ ಕಡೆಯಿಂದ ಭಾವನ ದನಿ ಬಂತು. ಹೊಲದಲ್ಲಿ ಗಾಳಿ ಜೋರಾಗಿತ್ತಂತೆ, ಫೋನು ಕೇಳಿಸಲಿಲ್ಲವಂತೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಉಂಡ್ರಾ?” ಎಂದಳು.